ಏಲಿಯನ್ 3 ಪೂರ್ತಿ ನೋಡಿ, ಆದರೆ ಉದ್ದದ ಆವೃತ್ತಿ ನೋಡಿ

ಏಲಿಯನ್ 3 ಸಿನಿಮಾ ಶುರುವಾದ ಹತ್ತೇ ನಿಮಿಷದಲ್ಲಿ, ಹಿಂದಿನ ಭಾಗದಲ್ಲಿ ಬದುಕುಳಿದಿದ್ದ ಪುಟ್ಟ ಹುಡುಗಿ ನ್ಯೂಟ್, ಸೈನಿಕ ಹಿಕ್ಸ್ ಇಬ್ಬರೂ ಸತ್ತರು, ಮುಂದೆ ನೋಡಬೇಕಾ ಅಂತ ಕೇಳಿದ್ದೀರಿ. ನಿಮ್ಮ ಸಿಟ್ಟು ಸರಿಯಾಗೇ ಇದೆ. 1986ರ ಎರಡನೇ ಭಾಗದಲ್ಲಿ ನಾಯಕಿ ರಿಪ್ಲಿ ಜೀವದ ಆಸೆ ಬಿಟ್ಟು ಏಲಿಯನ್‌ಗಳ ಗೂಡಿನೊಳಗೆ ನುಗ್ಗಿ ಆ ಮಗುವನ್ನು ಎತ್ತಿಕೊಂಡು ಬಂದಳು, ಇಲ್ಲಿ ಹೆಸರುಗಳು ತೋರಿಸಿ ಮುಗಿಸುವಷ್ಟರಲ್ಲಿ ಅದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ನನಗೆ ಇವತ್ತಿಗೂ ಅದು ಅರಗಿಲ್ಲ.

ಇದು ಡೇವಿಡ್ ಫಿಂಚರ್ ಅವರ ಮೊದಲ ಸಿನಿಮಾ. ಚಿತ್ರಕಥೆ ಪೂರ್ತಿಯಾಗುವ ಮುಂಚೆಯೇ ಶೂಟಿಂಗ್ ಶುರುವಾಗಿತ್ತು, ಆಮೇಲೆ ಸ್ಟುಡಿಯೋದವರೂ ಕತ್ತರಿ ಆಡಿಸಿದರು. 1992ರಲ್ಲಿ ಥಿಯೇಟರಿಗೆ ಬಂದದ್ದು ಆ ತುಂಡು ತುಂಡಾದ ಕಥೆ. ಕಥೆ ನಡೆಯುವ ಜೈಲಿನ ತಲೆ ಬೋಳಿಸಿದ ಕೈದಿಗಳಲ್ಲಿ ಯಾರು ಯಾರು ಅಂತಲೇ ಗೊತ್ತಾಗುವುದಿಲ್ಲ, ಅಲ್ವಾ? ಗೊತ್ತಾಗದವರು ಸತ್ತರೆ ಭಯ ಎಲ್ಲಿಂದ ಬರಬೇಕು?

ಹಾಗಾಗಿ 2003ರಲ್ಲಿ ಡಿವಿಡಿಯಲ್ಲಿ ಬಂದ ಅಸೆಂಬ್ಲಿ ಕಟ್ ಅನ್ನೋ ಉದ್ದದ ಆವೃತ್ತಿ ಹುಡುಕಿ. ಸುಮಾರು ಅರ್ಧ ಗಂಟೆ ಜಾಸ್ತಿ ಇದೆ. ಅದನ್ನು ಫಿಂಚರ್ ಮಾಡಿದ್ದಲ್ಲ, ಆದರೂ ಕೈದಿಗಳ ನಂಬಿಕೆ, ಜಗಳ, ಮುಖ್ಯವಾಗಿ ಗೋಲಿಕ್ ಅನ್ನೋ ಕೈದಿಯ ಪಾತ್ರ ಅದರಲ್ಲೇ ಅರ್ಥವಾಗುವುದು. ಏಲಿಯನ್ ಜೀವಿ ಇದರಲ್ಲಿ ನಾಯಿಯ ಬದಲು ಎತ್ತಿನಿಂದ ಹುಟ್ಟುತ್ತದೆ. ಗ್ರಾಫಿಕ್ಸ್ ಕೆಲವು ಕಡೆ ಕಳಪೆ, ಸುರಂಗದ ಓಟ ಎಳೆದಾಟ ಅನ್ನಿಸುತ್ತದೆ. ಆದರೆ ರಿಪ್ಲಿಯಾಗಿ ಸಿಗೌರ್ನಿ ವೀವರ್ ನಟನೆ, ಕುಲುಮೆ ಮುಂದೆ ಕೈದಿಗಳ ಮುಖಂಡ ಡಿಲನ್ ಆಡುವ ಮಾತು, ಇವೆರಡಕ್ಕಾದರೂ ಕೂತು ನೋಡಿ. ಎರಡನೇ ಭಾಗದ ಖುಷಿ ಸಿಗಲ್ಲ, ಅದನ್ನು ಮಾತ್ರ ನಿರೀಕ್ಷಿಸಬೇಡಿ.