ರಕ್ತ ಹಾಕುವಾಗ ನಡುಕ ಬಂದಿದ್ದಕ್ಕೆ

ಹಾಸನದಲ್ಲಿ ಅಪ್ಪನಿಗೆ ರಕ್ತ ಹಾಕಿದ ಅರ್ಧ ಗಂಟೆಗೇ ನಡುಕ, ಜ್ವರ ಬಂತು, ನಿಲ್ಲಿಸಿಬಿಟ್ಟರು, ತಪ್ಪು ಗುಂಪಿನ ರಕ್ತ ಕೊಟ್ಟರಾ ಅಂತ ಕೇಳಿದ್ದೀರಿ. ತಕ್ಷಣ ನಿಲ್ಲಿಸಿದ್ದು ಸರಿಯಾದ ಕೆಲಸವೇ.

ಗುಂಪು ಸರಿ ಇದ್ದರೂ ಹೀಗೆ ಆಗುತ್ತದೆ. ದಾನಿಯ ಬಿಳಿ ರಕ್ತಕಣಗಳು, ಅವು ಚೀಲದಲ್ಲಿ ಬಿಟ್ಟ ವಸ್ತುಗಳು ಇದಕ್ಕೆ ಹೆಚ್ಚಾಗಿ ಕಾರಣ. ಆದರೆ ಗುಂಪು ತಪ್ಪಿದಾಗಲೂ ಶುರುವಿನಲ್ಲಿ ಹೀಗೇ ಕಾಣಬಹುದು. ಅದಕ್ಕೇ ಚೀಲ ಎಸೆಯದೆ, ರೋಗಿಯ ಹೊಸ ಸ್ಯಾಂಪಲ್ ಜೊತೆ ಬ್ಲಡ್ ಬ್ಯಾಂಕಿಗೆ ವಾಪಸ್ ಕಳಿಸಿ ಪರೀಕ್ಷೆ ಮಾಡಿಸುತ್ತಾರೆ. ಆ ವರದಿ ಏನು ಬಂತು ಅಂತ ಡಾಕ್ಟರನ್ನು ಕೇಳಿ, ಸಂಕೋಚ ಬೇಡ. ಸೊಂಟ ನೋವು, ಕೆಂಪು ಮೂತ್ರ, ಉಸಿರಾಟದ ಕಷ್ಟ ಕಂಡರೆ ಒಂದು ನಿಮಿಷವೂ ಕಾಯದೆ ನರ್ಸ್‌ಗೆ ಹೇಳಿ.

ಚಿಕ್ಕಮಗಳೂರಿನಲ್ಲಿ ನಮ್ಮ ಅತ್ತೆಗೆ ಬರೀ ತುರಿಕೆ, ದದ್ದು ಬಂದಿತ್ತು. ಇಂಜೆಕ್ಷನ್ ಕೊಟ್ಟ ಮೇಲೆ ಇಳಿಯಿತು, ಅದೇ ಚೀಲ ನಿಧಾನವಾಗಿ ಮುಂದುವರಿಸಿದರು.

ಇನ್ನು ರಕ್ತವೇ ಬೇಡ ಅಂತ ಸುಮ್ನೆ ಹಟ ಮಾಡಬೇಡಿ. ಹೋದ ಸಲ ಹೀಗಾಗಿತ್ತು ಅಂತ ಮೊದಲೇ ಹೇಳಿ. ಬಿಳಿ ಕಣ ಸೋಸಿದ ರಕ್ತ ಸಿಗುತ್ತದಾ ಅಂತಲೂ ಕೇಳಿ. ಮೊದಲ 15 ನಿಮಿಷ ಪಕ್ಕದಲ್ಲೇ ಕೂತಿರಿ, ಕಾಫಿ ಆಮೇಲೆ ಕುಡಿದರಾಯ್ತು. ಚೀಲ ತಣ್ಣಗಿದೆ ಅಂತ ಬಿಸಿನೀರಲ್ಲಿ ಮಾತ್ರ ಇಡಬೇಡಿ, ಕೆಂಪು ಕಣಗಳು ಒಡೆದುಹೋಗುತ್ತವೆ.