‘ಕೆಲಸಗಾರನ ಅಜಾಗರೂಕತೆ’ ಎಂಬ ಸುಲಭದ ಷರಾ

ಹೊಸಪೇಟೆಯ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: ‘ಗಣಿಗಳಲ್ಲಿ ಸಾಯುವವರು ಹೆಚ್ಚಾಗಿ ತಮ್ಮ ಅಜಾಗರೂಕತೆಯಿಂದಲೇ ಸಾಯುತ್ತಾರೆ. ಹೆಲ್ಮೆಟ್ ಕೊಟ್ಟರೆ ಪಕ್ಕಕ್ಕಿಡುತ್ತಾರೆ, ರಾತ್ರಿ ಕುಡಿದು ಬೆಳಗಿನ ಪಾಳಿಗೆ ಬರುತ್ತಾರೆ. ಗಣಿಯಲ್ಲಿ ಅಧಿಕಾರಿಯಾಗಿರುವ ನನ್ನ ಮಗ ಹೇಳಿ ಹೇಳಿ ಸೋತಿದ್ದಾನೆ. ನೀವು ಯಾವಾಗಲೂ ಕಂಪನಿಗಳನ್ನೇ ದೂರುವುದೇಕೆ?’

ಕುಡಿತದ ಮಾತು ಸುಳ್ಳಲ್ಲ. ವರ್ಷಗಟ್ಟಲೆ ಏನೂ ಆಗದವನಿಗೆ ಭಂಡಧೈರ್ಯ ಬೆಳೆಯುವುದೂ ನಿಜ. ಆದರೆ ಸ್ವಾಮಿ, ಅಲ್ಲಿಗೇ ಕಡತ ಮುಚ್ಚುವುದನ್ನು ನಾನು ಒಪ್ಪಲಾರೆ. 1931ರಲ್ಲಿ ಅಮೆರಿಕದ ವಿಮಾ ಕಂಪನಿಯೊಂದರ ಹೈನ್‌ರಿಚ್ ಎಂಬುವರು ನೂರಕ್ಕೆ 88 ಅಪಘಾತಗಳಿಗೆ ಕೆಲಸಗಾರರ ನಡವಳಿಕೆಯೇ ಕಾರಣ ಎಂದು ಬರೆದರು. ಅವರ ಲೆಕ್ಕಕ್ಕೆ ಆಧಾರ ವಿಮೆಯ ಕಾಗದಗಳು ಮತ್ತು ಕಾರ್ಖಾನೆಗಳವರೇ ಇಟ್ಟ ದಾಖಲೆಗಳು. ಗಾಯಗೊಂಡವನನ್ನು ಕೇಳಿ ಬರೆದದ್ದಲ್ಲ. ಆ 88 ಇಂದಿಗೂ ನಮ್ಮ ತಲೆಯಿಂದ ಇಳಿದಿಲ್ಲ.

ಕೆಜಿಎಫ್‌ನಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ನನಗೆ ಹೇಳಿದ ಮಾತು ಕೇಳಿ. ಸುರಂಗದಲ್ಲಿ ಕೆಲಸ ಶುರುಮಾಡುವ ಮೊದಲು ತಲೆಯ ಮೇಲಿನ ಬಂಡೆಯನ್ನು ಕಬ್ಬಿಣದ ಹಾರೆಯಿಂದ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದರೆ ಆ ಕಲ್ಲು ಸಡಿಲವಾಗಿದೆ, ಕೆಡವಬೇಕು. ‘ಮೇಸ್ತ್ರಿ ತಾಳ್ಮೆಯಿಂದ ನಿಂತರೆ ಉದ್ದಕ್ಕೂ ತಟ್ಟುತ್ತಿದ್ದೆವು. ಗಡಿಯಾರ ನೋಡಿದರೆ ಎರಡು ಕಡೆ ತಟ್ಟಿ ಒಳಗೆ ನುಗ್ಗುತ್ತಿದ್ದೆವು’ ಎಂದರು. ಅದೇ ಗುಂಪು, ಅದೇ ಹಾರೆ. ಬದಲಾದದ್ದು ಮೇಸ್ತ್ರಿಯ ಮುಖ ಮಾತ್ರ. 1980ರಲ್ಲಿ ಸಂಶೋಧಕ ಡೋವ್ ಜೊಹಾರ್ ಇಸ್ರೇಲಿನ ಇಪ್ಪತ್ತು ಕಾರ್ಖಾನೆಗಳನ್ನು ಅಧ್ಯಯನ ಮಾಡಿ ತೋರಿಸಿದ್ದೂ ಇಂಥದ್ದನ್ನೇ: ಸುರಕ್ಷತೆಯ ವಿಷಯದಲ್ಲಿ ಮೇಲಿನವರ ಮನಸ್ಸು ಎಲ್ಲಿದೆ ಎಂಬುದನ್ನು ಕೆಳಗಿನವರು ಬೇಗ ಗ್ರಹಿಸುತ್ತಾರೆ. ಗೋಡೆಯ ಮೇಲಿನ ಘೋಷಣೆಯನ್ನು ಯಾರೂ ನಂಬುವುದಿಲ್ಲ.

ಅಪಾಯ ಗೊತ್ತಿಲ್ಲದೆ ಸಾಯುತ್ತಾರೆಯೇ? 2010ರ ಏಪ್ರಿಲ್ 5ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ಅಪ್ಪರ್ ಬಿಗ್ ಬ್ರಾಂಚ್ ಕಲ್ಲಿದ್ದಲು ಗಣಿ ಸ್ಫೋಟಿಸಿ 29 ಮಂದಿ ಸತ್ತರು. ಅವರಲ್ಲೊಬ್ಬ ಯುವಕ ತನಗೇನಾದರೂ ಆದರೆ ಎಂದು ಮನೆಯವರಿಗೆ ಮೊದಲೇ ಪತ್ರ ಬರೆದಿಟ್ಟಿದ್ದ. ಗಣಿಯಲ್ಲಿ ಎರಡು ಪುಸ್ತಕಗಳಿದ್ದವು. ಒಳಗಿನ ಬಳಕೆಯ ಪುಸ್ತಕದಲ್ಲಿ ಬರೆದ ಅಪಾಯಗಳು ಸರ್ಕಾರ ನೋಡುವ ಪುಸ್ತಕದಲ್ಲಿ ಇರಲಿಲ್ಲ. ಗಾಳಿ ಸಾಲದೆಂದು ಕೆಲಸ ನಿಲ್ಲಿಸಿದವರಿಗೆ ಕೆಲಸ ಹೋಗುವ ಬೆದರಿಕೆ ಬಂದಿತ್ತು ಎಂಬುದು ತನಿಖೆಯಲ್ಲಿ ಹೊರಬಿತ್ತು. ಇಲ್ಲಿ ಅಜಾಗರೂಕರು ಯಾರು, ನೀವೇ ಹೇಳಿ.

ನಮ್ಮಲ್ಲಿ ಭಯಕ್ಕೆ ಬೇರೆಯೇ ಬೇರುಗಳಿವೆ. ಗುತ್ತಿಗೆಯವನಿಗೆ ನಾಳೆಯ ಹಾಜರಿಯೇ ಖಾತ್ರಿಯಿಲ್ಲ. ಕೆಲಸ ಕೊಡಿಸಿದವನು ಸ್ವಂತ ಊರಿನವನು, ಮುಂಗಡ ಕೊಟ್ಟವನೂ ಅವನೇ. ಅವನೆದುರು ‘ಈ ಕಲ್ಲು ಸರಿಯಿಲ್ಲ, ಒಳಗೆ ಹೋಗುವುದಿಲ್ಲ’ ಎನ್ನಲು ಎಷ್ಟು ಧೈರ್ಯ ಬೇಕು! ಅದಿರಿನ ಲಾರಿಯವನಿಗೆ ಟ್ರಿಪ್ಪಿಗಿಷ್ಟು ಎಂದು ಹಣ ಕಟ್ಟಿ, ಆಮೇಲೆ ಅತಿವೇಗವೆಂದು ಬೈಯುತ್ತೇವೆ. ಮ್ಯಾನ್‌ಹೋಲಿಗೆ ಇಳಿಸಿದವನು ಸತ್ತರೂ, ಕಟ್ಟಡದಿಂದ ಗಾರೆಯವನು ಬಿದ್ದರೂ ಪತ್ರಿಕೆಗಳಲ್ಲಿ ಅದೇ ಷರಾ. ಸತ್ತವನು ಎದ್ದುಬಂದು ತಕರಾರು ಮಾಡುವುದಿಲ್ಲವಲ್ಲ.

ಐನೂರು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಗಣಿಯಲ್ಲಿ ಕೆಲಸಗಾರರ ಪರವಾಗಿ ಅವರದೇ ಇನ್ಸ್‌ಪೆಕ್ಟರ್ ಇರಬೇಕೆಂಬ ಏರ್ಪಾಟು 1955ರ ಗಣಿ ನಿಯಮಗಳಲ್ಲಿತ್ತು. ಸುರಕ್ಷತಾ ಸಮಿತಿಯೂ ಇತ್ತು. ನಿಮ್ಮ ಮಗ ಒಳ್ಳೆಯ ಅಧಿಕಾರಿಯೆಂದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ಅವರನ್ನು ಒಂದು ಮಾತು ಕೇಳಿ: ಅಪಾಯವಿದೆಯೆಂದು ಕಳೆದ ವರ್ಷ ಅವರ ಗಣಿಯಲ್ಲಿ ಕೆಲಸ ನಿಲ್ಲಿಸಿದವರು ಎಷ್ಟು ಮಂದಿ, ಆಮೇಲೆ ಅವರಿಗೇನಾಯಿತು? ಉತ್ತರ ಬರೆದು ಕಳಿಸಿ. ಒಂದಕ್ಷರವನ್ನೂ ತಿದ್ದದೆ ಪ್ರಕಟಿಸುತ್ತೇನೆ.

— ಸಂಪಾದಕ