ಋಣಾತ್ಮಕ ಪುನರ್ಬಲನಕ್ಕೆ ಸೂತ್ರ ಹುಡುಕಬೇಡಿ, ವರ್ತನೆಯನ್ನು ನೋಡಿ

ಶಿರಸಿಯಲ್ಲಿ ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆಗೆ) ಓದುತ್ತಿರುವ ನೀವು, ವರ್ತನೆಯನ್ನು ಬಲಪಡಿಸುವ ಋಣಾತ್ಮಕ ಪುನರ್ಬಲನಕ್ಕೂ ಅದನ್ನು ಕುಗ್ಗಿಸುವ ಶಿಕ್ಷೆಗೂ ಇರುವ ವ್ಯತ್ಯಾಸ ನೆನಪಿನಲ್ಲಿ ಉಳಿಯುತ್ತಿಲ್ಲ, ಸುಲಭದ ಸೂತ್ರವಿದ್ದರೆ ತಿಳಿಸಿ ಎಂದು ಕೇಳಿದ್ದೀರಿ. ಶಿಕ್ಷಕರ ತರಬೇತಿಯಾದ ಡಿ.ಎಡ್. ಓದುವಾಗ ನನಗೆ ಎರಡೂ ವ್ಯಾಖ್ಯೆಗಳು ಬಾಯಿಪಾಠವಾಗಿದ್ದವು. ಕಾರವಾರದ ಕಡೆಯ ಕಡಲಂಚಿನ ಶಾಲೆಯೊಂದಕ್ಕೆ ಬೋಧನಾಭ್ಯಾಸಕ್ಕೆ ಹೋದಾಗ ಅವು ಯಾವ ಉಪಯೋಗಕ್ಕೂ ಬರಲಿಲ್ಲ.

ಐದನೆಯ ತರಗತಿಯ ಹುಡುಗನೊಬ್ಬ ಭಿನ್ನರಾಶಿಯ ಲೆಕ್ಕ ಹಲಗೆಯ ಮೇಲೆ ಬಂದ ಕೂಡಲೇ ಬೆಂಚು ಬಡಿಯುತ್ತಿದ್ದ. ನಾನು ಅವನನ್ನು ಜಗುಲಿಗೆ ಕಳುಹಿಸಿ, ಪಾಠಯೋಜನೆಯ ಪುಸ್ತಕದಲ್ಲಿ ‘ಶಿಕ್ಷೆ ನೀಡಲಾಯಿತು’ ಎಂದು ಬರೆಯುತ್ತಿದ್ದೆ. ಬಡಿತ ಮಾತ್ರ ದಿನದಿಂದ ದಿನಕ್ಕೆ ಹೆಚ್ಚಿತು. ಕೊನೆಕೊನೆಗೆ ನಾನು ಸೀಮೆಸುಣ್ಣ ಕೈಗೆತ್ತಿಕೊಂಡರೆ ಸಾಕು, ಸದ್ದು ಶುರುವಾಗುತ್ತಿತ್ತು. ಹೊರಗೆ ಹೋಗು ಎನ್ನುವಷ್ಟರಲ್ಲಿ ಅವನು ಅರ್ಧ ಎದ್ದೇ ಇರುತ್ತಿದ್ದ.

ನನ್ನ ತಪ್ಪು ಇಷ್ಟೇ: ನಾನು ಸಿಟ್ಟಿನಿಂದ ಮಾಡಿದ್ದೆನಾದ್ದರಿಂದ ಅದು ಶಿಕ್ಷೆಯೇ ಇರಬೇಕೆಂದು ನಂಬಿದೆ. ಮನೋವಿಜ್ಞಾನ ಶಿಕ್ಷಕರ ಉದ್ದೇಶವನ್ನು ಕೇಳುವುದಿಲ್ಲ, ಮಗುವಿನ ವರ್ತನೆ ಮುಂದೆ ಏನಾಯಿತು ಎಂದು ಕೇಳುತ್ತದೆ. ಅವನಿಗೆ ಕಷ್ಟವಾಗಿದ್ದದ್ದು ಭಿನ್ನರಾಶಿ. ಬೆಂಚು ಬಡಿದರೆ ಅದು ತಪ್ಪುತ್ತಿತ್ತು. ಆದ್ದರಿಂದ ಬಡಿತ ಹೆಚ್ಚಿತು. ಅಹಿತವಾದದ್ದು ದೂರವಾಗಿ ವರ್ತನೆ ಬಲಗೊಂಡರೆ ಅದೇ ಋಣಾತ್ಮಕ ಪುನರ್ಬಲನ. ಮೀನುಗಾರರು ದಡಕ್ಕೆ ರಂಪಣಿ ಬಲೆ ಎಳೆಯುವುದನ್ನು ಜಗುಲಿಯಿಂದ ನೋಡುವ ಸುಖವೂ ಅವನಿಗೆ ಸಿಗುತ್ತಿತ್ತು; ಹೀಗೆ ಹಿತವಾದದ್ದು ಸಿಕ್ಕಿ ವರ್ತನೆ ಬಲಗೊಂಡರೆ ಅದು ಧನಾತ್ಮಕ ಪುನರ್ಬಲನ. ನನ್ನ ಕಥೆಯೂ ಬೇರೆಯಲ್ಲ: ಅವನನ್ನು ಕಳುಹಿಸಿದೊಡನೆ ಸದ್ದು ನಿಲ್ಲುತ್ತಿದ್ದುದರಿಂದ, ಹೊರಗೆ ಕಳುಹಿಸುವ ನನ್ನ ಚಾಳಿಯೂ ಬಲಿಯಿತು. ನನಗೆ ಹೋದದ್ದು ಬೋಧನಾಭ್ಯಾಸದ ಆಂತರಿಕ ಅಂಕ. ಆ ಹುಡುಗನಿಗೆ ಭಿನ್ನರಾಶಿಯ ಅಧ್ಯಾಯವೇ ಹೋಯಿತು. ಇಂದಿಗೂ ನನಗೆ ಅದರ ಬೇಸರವಿದೆ.

ನಿಜವಾದ ಶಿಕ್ಷೆಯನ್ನೇ ಕೊಟ್ಟಿದ್ದರೂ ಹೆಚ್ಚು ಪ್ರಯೋಜನವಾಗುತ್ತಿತ್ತೆಂದು ನನಗೆ ಅನಿಸುವುದಿಲ್ಲ. ಮನೋವಿಜ್ಞಾನಿ ಸ್ಕಿನ್ನರ್ 1938ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸನ್ನೆಕೋಲು (ಲಿವರ್) ಒತ್ತಿದರೂ ಮೊದಲಿನಂತೆ ಆಹಾರ ಸಿಗದ ಸ್ಥಿತಿಯಲ್ಲಿ ಕೆಲವು ಇಲಿಗಳ ಪಂಜಕ್ಕೆ ಆರಂಭದಲ್ಲಿ ಆ ಸನ್ನೆಕೋಲಿನಿಂದಲೇ ಪೆಟ್ಟು ಬೀಳುವಂತೆ ಮಾಡಿದ್ದರು. ಅವು ಸ್ವಲ್ಪ ಕಾಲ ಹಿಂಜರಿದವು; ಆದರೆ ಕೊನೆಗೆ ಒಟ್ಟಾರೆ ಪೆಟ್ಟು ತಿನ್ನದ ಇಲಿಗಳಷ್ಟೇ ಬಾರಿ ಒತ್ತಿದವು.

ಆದ್ದರಿಂದ ನಿಮಗೆ ಸೂತ್ರ ಬೇಡವೆಂಬುದೇ ನನ್ನ ಉತ್ತರ. ಸೂತ್ರ ಪರೀಕ್ಷೆಯ ಗಡಿಬಿಡಿಯಲ್ಲಿ ಕೈಕೊಡುತ್ತದೆ. ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಇಳಿಯುವವರು ಕಾಲಿಗೆ ಸುಣ್ಣ ಹಚ್ಚಿಕೊಳ್ಳುವುದನ್ನು ನೀವು ನೋಡಿರಬಹುದು. ಹಚ್ಚಿಕೊಂಡ ದಿನ ಉಂಬಳದ (ರಕ್ತ ಹೀರುವ ಜಿಗಣೆಯ) ಕಾಟ ತಪ್ಪಿದರೆ ಮರುದಿನವೂ ಹಚ್ಚಿಕೊಳ್ಳುತ್ತಾರೆ. ವರ್ತನೆ ಹೆಚ್ಚಿತು, ಆದ್ದರಿಂದ ಅದು ಪುನರ್ಬಲನ; ಕಾಟ ತಪ್ಪಿದ್ದರಿಂದ ಹೆಚ್ಚಿತು, ಆದ್ದರಿಂದ ಋಣಾತ್ಮಕ. ಸುಣ್ಣದಿಂದ ಚರ್ಮ ಸುಟ್ಟು ಹಚ್ಚುವುದನ್ನೇ ಬಿಟ್ಟರೆ ಅದು ಶಿಕ್ಷೆ, ಯಾರೂ ಅವರನ್ನು ಗದರಿಸದಿದ್ದರೂ ಸಹ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವಾಗ ಆಯ್ಕೆಗಳನ್ನು ಓದುವ ಮೊದಲು, ಇಲ್ಲಿ ಯಾರ ಯಾವ ವರ್ತನೆಯ ಮಾತು ಬಂದಿದೆ, ಅದು ಹೆಚ್ಚಿತೋ ಕಡಿಮೆಯಾಯಿತೋ ಎಂಬುದನ್ನು ಅಂಚಿನಲ್ಲಿ ಬರೆದುಕೊಳ್ಳಿ. ಉತ್ತರವನ್ನು ಆಮೇಲೆ ಗುರುತಿಸಿ.